ಕೋಶಕ್ಕೂ ಲೆಕ್ಕ ಗೊತ್ತು!

ದೇಹದಿಂದ ಹೊರತೆಗೆದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಸರಿಯಾಗಿ ಸಾಕಿದರೆ ಅವಕ್ಕೆ ಸಾವೇ ಇಲ್ಲ ಅಂತ ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. ನೊಬೆಲ್ ವಿಜೇತ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಬೆಳೆಸಲು ಶುರುಮಾಡಿದ ಕೋಳಿಯ ಕೋಶಗಳು ದಶಕಗಳ ಕಾಲ ಬದುಕಿವೆ ಅನ್ನೋದೇ ಸಾಕ್ಷಿ. ಅಷ್ಟು ದೊಡ್ಡವರು ಹೇಳಿದ ಮೇಲೆ ಪ್ರಶ್ನೆ ಕೇಳೋರ್ಯಾರು?

ಕೇಳಿದವರು ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್. ಅವರು ಸಾಕಿದ ಮನುಷ್ಯರ ಕೋಶಗಳು ಸುಮಾರು 50 ಸಲ ಒಡೆದು ಎರಡಾಗಿ, ಆಮೇಲೆ ನಿಂತುಬಿಡುತ್ತಿದ್ದವು. ಆಹಾರದ ದೋಷವೋ, ವೈರಸ್ಸೋ? ಪಾಲ್ ಮೂರ್‌ಹೆಡ್ ಜೊತೆಗೂಡಿ ಅವರು ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಆಗಲೇ ಬಹಳ ಸಲ ಒಡೆದಿದ್ದ ಗಂಡಿನ ಕೋಶಗಳನ್ನೂ ಹೆಣ್ಣಿನ ಎಳೆಯ ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರು. ಪಾತ್ರೆಯದ್ದೇ ತಪ್ಪಾಗಿದ್ದರೆ ಎರಡೂ ಒಟ್ಟಿಗೆ ನಿಲ್ಲಬೇಕಿತ್ತು ತಾನೆ? ಕೊನೆಗೆ ಉಳಿದದ್ದು ಹೆಣ್ಣಿನ ಕೋಶಗಳು ಮಾತ್ರ! ಫ್ರೀಜ್ ಮಾಡಿ ಮತ್ತೆ ಎಬ್ಬಿಸಿದರೂ ಕೋಶಗಳು ಬಿಟ್ಟಲ್ಲಿಂದಲೇ ಎಣಿಕೆ ಮುಂದುವರಿಸಿದವು. ಇದೆಲ್ಲ 1961ರಲ್ಲಿ ಪ್ರಕಟವಾಯಿತು.

ಕೌಂಟರ್ ಎಲ್ಲಿದೆ ಅನ್ನೋದು ಆಮೇಲೆ ತಿಳೀತು: ಕ್ರೋಮೋಸೋಮಿನ ತುದಿಯಲ್ಲಿ. ಅಲ್ಲಿ ಟಿ-ಟಿ-ಎ-ಜಿ-ಜಿ-ಜಿ ಎಂಬ ಆರಕ್ಷರ ಸಾವಿರಾರು ಸಲ ಮರುಕಳಿಸುತ್ತದೆ. ಇದೇ ಟೆಲೊಮಿಯರ್. ಡಿಎನ್ಎ ಕಾಪಿ ಮಾಡುವ ಯಂತ್ರಕ್ಕೆ ತುತ್ತತುದಿಯನ್ನು ಪೂರ್ತಿ ಕಾಪಿ ಮಾಡೋಕಾಗಲ್ಲ, ಹಾಗಾಗಿ ಪ್ರತಿ ಸಲವೂ ಅದು ಒಂದಿಷ್ಟು ಸವೆಯುತ್ತದೆ. ತೀರಾ ಗಿಡ್ಡವಾದಾಗ ಕೋಶ ಅದನ್ನು ಮುರಿದ ಡಿಎನ್ಎ ಅಂತಲೇ ತಿಳಿದು ವಿಭಜನೆ ನಿಲ್ಲಿಸುತ್ತದೆ. ಹಾಗೆ ನಿಂತ ಕೋಶ ಕೂಡಲೇ ಸಾಯೋದೂ ಇಲ್ಲ, ಸುತ್ತಲಿನವಕ್ಕೆ ಉರಿಯೂತದ ಸಂಕೇತ ಕಳಿಸುತ್ತಾ ಕೂರುತ್ತದೆ.

ತುದಿಯನ್ನು ಮತ್ತೆ ಉದ್ದ ಮಾಡುವ ಕಿಣ್ವವೂ ಇದೆ, ಟೆಲೊಮರೇಸ್. ಹಾಗಾದ್ರೆ ಅದನ್ನೇ ಆನ್ ಮಾಡಿದರೆ ಚಿರಯೌವನ ಅಲ್ವಾ? ಆ ಉಪಾಯ ಕ್ಯಾನ್ಸರ್‌ಗೆ ಮೊದಲೇ ಗೊತ್ತು. ಹತ್ತರಲ್ಲಿ ಸುಮಾರು ಒಂಬತ್ತು ಕ್ಯಾನ್ಸರ್‌ಗಳು ಬೆಳೆಯೋದು ಈ ಟೆಲೊಮರೇಸ್ ಆನ್ ಮಾಡಿಕೊಂಡೇ.