ಲಾಡಿಹುಳುವೂ ಪ್ರವಾಸಿಯೂ

ಭಾರತದಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಕೆಲವರಿಗೆ ವರ್ಷಗಳ ತರುವಾಯ ಅಪಸ್ಮಾರವು ಕಾಣಿಸಿಕೊಳ್ಳುತ್ತಿದ್ದಿತು. ಮಿದುಳಿನಲ್ಲಿ ನೆಲೆಸಿದ ಹಂದಿ ಲಾಡಿಹುಳುವಿನ ಮರಿಗಳೇ ಇದಕ್ಕೆ ಕಾರಣವೆಂಬುದನ್ನು ಸೇನಾವೈದ್ಯ ಮ್ಯಾಕ್‌ಆರ್ಥರರು 1930ರ ದಶಕದಲ್ಲಿ ಎತ್ತಿತೋರಿಸಿದರು. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕಮ್ ಇಂತಹ 450 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಇಲ್ಲಿ ಎರಡು ಮಾರ್ಗಗಳನ್ನು ಬೇರ್ಪಡಿಸಿ ತಿಳಿಯಬೇಕು. ಅರೆಬೆಂದ ಹಂದಿಮಾಂಸವನ್ನು ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಆದರೆ ಅವನ ಮಲದೊಡನೆ ಹೊರಬಿದ್ದ ತತ್ತಿಗಳು ನೀರು, ಹಸಿ ತರಕಾರಿ ಅಥವಾ ತೊಳೆಯದ ಕೈಗಳ ಮೂಲಕ ಯಾರ ಹೊಟ್ಟೆಯನ್ನು ಸೇರಿದರೂ, ಮರಿಗಳು ರಕ್ತದೊಡನೆ ಮಿದುಳನ್ನು ಮುಟ್ಟಬಲ್ಲವು. ಆದುದರಿಂದ ಸಸ್ಯಾಹಾರಿಯಾದ ಪ್ರವಾಸಿಯೂ ನಿರ್ಭಯನಲ್ಲ. ಮಾಂಸದ ಬೇಯುವಿಕೆಯಷ್ಟೇ ಅಡುಗೆಯವನ ಕೈಶುಚಿಯೂ ಮುಖ್ಯವಾದುದು. ಮರಳಿದ ಎಷ್ಟೋ ವರ್ಷಗಳ ಮೇಲೆ ಮೂರ್ಛೆ ಬಂದರೂ, ಹಿಂದಿನ ಪ್ರವಾಸವನ್ನು ವೈದ್ಯರಿಗೆ ತಿಳಿಸತಕ್ಕದ್ದು.