ಎಂಜಿನ್ನಿನ ಎಣ್ಣೆ ಸೋರುವುದೆಲ್ಲಿ?

2014ರಲ್ಲಿ ತಯಾರಿಕೆ ನಿಂತರೂ ಅಂಬಾಸಡರ್ ಕಾರುಗಳು ಅಲ್ಲಲ್ಲಿ ಇನ್ನೂ ಓಡುತ್ತಿವೆ. ಅಂತಹ ಹಳೆಯ ಕಾರು ರಾತ್ರಿ ನಿಂತಿದ್ದ ನೆಲದ ಮೇಲೆ ಬೆಳಗ್ಗೆ ಎಣ್ಣೆಯ ಕಲೆಯೊಂದು ಕಾಣುವುದುಂಟು. ಕಲೆಯ ನೇರ ಮೇಲಿರುವ ಭಾಗವೇ ಸೋರುತ್ತಿದೆಯೆಂದು ತೀರ್ಮಾನಿಸುವುದು ಆತುರವಾದೀತು. ಎಣ್ಣೆ ಗುರುತ್ವಾಕರ್ಷಣೆಯಿಂದ ಕೆಳಗಿಳಿಯುತ್ತದೆ. ಕಾರು ಓಡುವಾಗ ಎದುರುಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಮೇಲಿನ ಕವಾಟಗಳ ಮುಚ್ಚಳದಲ್ಲಿ ಸೋರಿದ ಎಣ್ಣೆ ಎಂಜಿನ್ನಿನ ಹಿಂಭಾಗದ ತಳದಲ್ಲಿ ತೊಟ್ಟಿಕ್ಕಬಹುದು.

ಹಾಗಾದರೆ ಮೂಲವನ್ನು ಕಂಡುಹಿಡಿಯುವ ಬಗೆ ಯಾವುದು? ತಣ್ಣಗಾದ ಎಂಜಿನ್ನನ್ನು ಚೆನ್ನಾಗಿ ಒರೆಸಿ, ಕಾರನ್ನು ಸ್ವಲ್ಪ ದೂರ ಓಡಿಸಿ, ಮತ್ತೆ ಪರೀಕ್ಷಿಸಬೇಕು. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಮುಂದೆ ಇರುವುದನ್ನೇ ಮೊದಲು ಶಂಕಿಸಬೇಕು. ಅದೂ ತಿಳಿಯದಿದ್ದರೆ, ಎಣ್ಣೆಗೆ ಪ್ರತಿದೀಪಕ ಬಣ್ಣ ಬೆರೆಸಿ ಎಂಜಿನ್ನನ್ನು ನಡೆಸಿ, ಅತಿನೇರಳೆ ದೀಪ ಹಿಡಿದಾಗ ಸೋರಿಕೆಯ ಜಾಡು ಹೊಳೆಯುವುದು.

ಗ್ಯಾಸ್ಕೆಟ್ ಬದಲಾಯಿಸಿದರೂ ಸೋರಿಕೆ ಮರುಕಳಿಸುವುದೇಕೆ? ಉರಿದ ಅನಿಲದ ಅಲ್ಪಭಾಗ ಪಿಸ್ಟನ್ನಿನ ಸಂದಿಯಿಂದ ಎಂಜಿನ್ನಿನ ಕೆಳಕೋಶಕ್ಕೆ ನುಸುಳುವುದು. ಅದು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಒತ್ತಡವೇರಿ, ಎಣ್ಣೆಯನ್ನು ಸಂದುಗಳ ಮೂಲಕ ಹೊರದೂಡುವುದು. ಕೊಳವೆಯನ್ನು ಶುಚಿಗೊಳಿಸದೆ ಗ್ಯಾಸ್ಕೆಟ್ಟನ್ನು ದೂಷಿಸಿ ಫಲವಿಲ್ಲ.

ಸೋರಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ ಹೊತ್ತೀತು. ಎಣ್ಣೆ ಬರಿದಾದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ನೇ ಬಿಗಿದು ನಿಂತೀತು. ಕಲೆ ಚಿಕ್ಕದೆಂದು ಉಪೇಕ್ಷೆ ಸಲ್ಲದು.