ಪಿಸ್ಟನ್ನಿನ ಅಡಿಗೆ ಎಣ್ಣೆಯ ಧಾರೆ

ಜರ್ಮನಿಯ ಐಫೆಲ್ ಬೆಟ್ಟಸಾಲಿನಲ್ಲಿ ನಡುರಾತ್ರಿ ಕಳೆದಿದೆ. ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆಗಳ ರೇಸು ಇನ್ನೂ ಅರ್ಧ ಮುಗಿದಿಲ್ಲ. ಕಾಡಿನಂಚಿನಲ್ಲಿ ಡೇರೆ ಹಾಕಿ ಕೂತವರ ಬೆಂಕಿಯ ಹೊಗೆ, ಸುಟ್ಟ ಮಾಂಸದ ವಾಸನೆ, ಕಾದ ಬ್ರೇಕಿನ ಕಮಟು ಎಲ್ಲವೂ ಮಂಜಿನಲ್ಲಿ ಬೆರೆತು ರಸ್ತೆಯ ಮೇಲೆ ತೂಗುತ್ತಿವೆ. ಬ್ರೈಡ್‌ಶೈಡ್ ಎಂಬ ತಗ್ಗಿನಿಂದ ಕಾರೊಂದು ಏರು ಹಿಡಿಯುತ್ತದೆ. ಅಲ್ಲಿಂದ ಹೋಹೆ ಆಖ್ಟ್ ನೆತ್ತಿಗೆ ಸುಮಾರು 300 ಮೀಟರ್ ಎತ್ತರ. ಆಮೇಲೆ ಬರುವುದು ಎರಡು ಕಿಲೋಮೀಟರಿಗೂ ಮಿಕ್ಕಿದ ಡೊಟ್ಟಿಂಗರ್ ಹೋಹೆಯ ನೇರ ಹಾದಿ. ಅಲ್ಲಿ ಆಕ್ಸಿಲರೇಟರ್ ತಳ ಮುಟ್ಟಿದ್ದು ಮೇಲೇಳುವುದೇ ಇಲ್ಲ. ಡೇರೆಯ ಜನಕ್ಕೆ ಕಾಣುವುದು ಎರಡು ದೀಪ, ಕೇಳುವುದು ಒಂದು ಕೂಗು. ನನಗಾದರೋ ಆ ಬಾನೆಟ್ಟಿನ ಕೆಳಗಿನ ಬ್ಲಾಕಿನೊಳಗೆ, ಪಿಸ್ಟನ್ನುಗಳ ಅಡಿಯ ಕತ್ತಲಲ್ಲಿ ಏನು ನಡೆದಿದೆ ಎಂಬುದರ ಮೇಲೆಯೇ ಕಣ್ಣು.

ಅಲ್ಲಿ ಎಣ್ಣೆಯ ಮಳೆ ಹಿಡಿದಿದೆ. ಕ್ರ್ಯಾಂಕ್‌ ಶಾಫ್ಟ್ ಸುತ್ತಿದಂತೆ ಬೇರಿಂಗುಗಳಿಂದ ಸೋರಿದ ಆಯಿಲು ಹನಿಯೊಡೆದು ಗೋಡೆಗೆ ರಾಚುತ್ತದೆ. ಈ ಗದ್ದಲದ ನಡುವೆ ಒಂದೊಂದು ಸಿಲಿಂಡರಿನ ಬುಡದಲ್ಲೂ ಗಿಂಡಿಯ ಮೂತಿಯಂತೆ ಬಾಗಿದ ಪುಟ್ಟ ಲೋಹದ ಕೊಳವೆಯೊಂದು ಮೇಲ್ಮುಖವಾಗಿ ನಿಂತಿದೆ. ತುದಿಯ ರಂಧ್ರ ಒಂದೂವರೆ, ಹೆಚ್ಚೆಂದರೆ ಎರಡು ಮಿಲಿಮೀಟರ್. ಅದರಿಂದ ಹೊರಟ ಸಣ್ಣ ಧಾರೆ ನೇರ ಪಿಸ್ಟನ್ ತಲೆಯ ಅಡಿಭಾಗಕ್ಕೆ ಬಡಿಯುತ್ತದೆ, ಹರಡುತ್ತದೆ, ಬಿಸಿಯನ್ನು ಹೊತ್ತುಕೊಂಡು ಕೆಳಗಿನ ಚೇಂಬರಿಗೆ ಬೀಳುತ್ತದೆ. ಪಂಪು ಅದನ್ನು ಮತ್ತೆ ಮೇಲೆತ್ತಿ ಕೂಲರಿನ ಮೂಲಕ ಹಾಯಿಸಿ ಅದೇ ಮೂತಿಗೆ ತರುತ್ತದೆ. ಆಯಿಲ್ ಜೆಟ್ ಎಂದರೆ ಇಷ್ಟೇ.

ಪಿಸ್ಟನ್ನಿನ ಪಾಡು ಎಂಥದೆಂದು ತಿಳಿದರೆ ಈ ಧಾರೆಯ ಬೆಲೆ ತಿಳಿಯುತ್ತದೆ. ಮೇಲ್ಗಡೆ ಉರಿಯುವ ಅನಿಲ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಿಲಿಂಡರಿನ ಗೋಡೆಯ ಆಚೆ ನೀರು ಹರಿಯುತ್ತದೆ, ಹೆಡ್ಡಿನಲ್ಲೂ ಹರಿಯುತ್ತದೆ; ಓಡಾಡುವ ಪಿಸ್ಟನ್ನಿಗೆ ಮಾತ್ರ ನೀರಿನ ಭಾಗ್ಯವಿಲ್ಲ. ತನ್ನ ಬಿಸಿಯ ಬಹುಪಾಲನ್ನು ಅದು ತೆಳ್ಳನೆಯ ರಿಂಗುಗಳ ಮೂಲಕ ಗೋಡೆಗೆ ದಾಟಿಸಬೇಕು. ಒತ್ತಿ ಓಡಿಸಿದ ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ತಲೆಯ ನಡುಭಾಗ 300 ಡಿಗ್ರಿಯ ಹತ್ತಿರ ಬರುತ್ತದೆ. ಸಿಲಿಕಾನ್ ಬೆರೆತ ಆ ಅಲ್ಯೂಮಿನಿಯಂ ಕರಗಲು ಇನ್ನೂ ಇನ್ನೂರು ಡಿಗ್ರಿಗೂ ಮಿಕ್ಕಿದ ಅಂತರವಿದೆ, ನಿಜ. ಆದರೆ ಕರಗುವ ಮುಂಚೆಯೇ ಅದು ಸೋತಿರುತ್ತದೆ: 300ರ ಹೊತ್ತಿಗೆ ತಣ್ಣಗಿದ್ದಾಗಿನ ಬಲದ ಅರ್ಧವೂ ಉಳಿದಿರುವುದಿಲ್ಲ. ಮೇಲಿನ ರಿಂಗು ಕೂರುವ ತೋಡಿನಲ್ಲಿ ಆಯಿಲು ಸುಟ್ಟು ಕರಿಗಟ್ಟಿ ರಿಂಗು ಕಚ್ಚಿಕೊಳ್ಳುತ್ತದೆ, ಬಿಸಿ ಹೋಗುವ ದಾರಿಯೇ ಮುಚ್ಚುತ್ತದೆ. ಕಾದ ತಲೆಯಿಂದಾಗಿ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು ನಾಕಿಂಗ್ ಶುರುವಾಗುತ್ತದೆ. ಕಂಪ್ಯೂಟರು ಇಗ್ನಿಷನ್ನನ್ನು ಹಿಂದಕ್ಕೆ ಸರಿಸುತ್ತದೆ, ಕೊಂಡ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಹೋಂಡಾದ ಎಸ್2000 ಕಾರನ್ನು ನೋಡಿ. 1999ರಲ್ಲಿ ಬಂದ ಅದರ ಎಫ್20ಸಿ ಎಂಜಿನ್ನಿಗೆ ಟರ್ಬೊ ಇರಲಿಲ್ಲ. ಎರಡೇ ಲೀಟರಿನಲ್ಲಿ, ಜಪಾನಿನ ಲೆಕ್ಕಕ್ಕೆ, 250 ಅಶ್ವಶಕ್ತಿ. ನಿಮಿಷಕ್ಕೆ 9000 ಸುತ್ತು. ಆ ವೇಗದಲ್ಲಿ ಒಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 75 ಸಲ ಬೆಂಕಿ ಹೊತ್ತುತ್ತದೆ, ಪಿಸ್ಟನ್ 300 ಸಲ ನಿಂತು ದಿಕ್ಕು ಬದಲಿಸುತ್ತದೆ. 84 ಮಿಲಿಮೀಟರಿನ ಹಾದಿಯ ನಡುವೆ ಅದರ ವೇಗ ಸೆಕೆಂಡಿಗೆ 40 ಮೀಟರ್ ಮುಟ್ಟುತ್ತದೆ. ನಾಲ್ಕು ಬಾರ್ ಒತ್ತಡದಲ್ಲಿ ಚಿಮ್ಮುವ ಎಣ್ಣೆಯ ವೇಗವೋ ಲೆಕ್ಕಕ್ಕೆ 30 ಮೀಟರ್ ಹತ್ತಿರ. ಅಂದರೆ ಮೇಲಕ್ಕೆ ಓಡುವ ಪಿಸ್ಟನ್ನನ್ನು ಧಾರೆ ಅಟ್ಟಿಸಿಕೊಂಡು ಹೋಗಿ ಹಿಂದೆ ಬೀಳುತ್ತದೆ; ಪಿಸ್ಟನ್ ನೆತ್ತಿಯಲ್ಲಿ ತಡೆದಾಗ ಹಿಡಿಯುತ್ತದೆ, ಕೆಳಗಿಳಿಯುವಾಗ ಮುಖಾಮುಖಿ ಅಪ್ಪಳಿಸುತ್ತದೆ. ಈ ಬೆನ್ನಟ್ಟುವಿಕೆಯನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ. ಮೊದಮೊದಲ ಎಫ್20ಸಿಗಳಲ್ಲಿ ಜೆಟ್ಟಿಗೆ ಎಣ್ಣೆ ಹಾಯಿಸುವ ಬೋಲ್ಟಿಗೆ ಎರಡು ರಂಧ್ರಗಳಿದ್ದವು, ಆಮೇಲಿನವಕ್ಕೆ ನಾಲ್ಕು ಬಂದವು. ಜೆಟ್ಟು ಅಲಂಕಾರವಾಗಿದ್ದರೆ ಯಾರೂ ಅದರ ರಂಧ್ರ ಎಣಿಸುತ್ತಿರಲಿಲ್ಲ.

ಟೊಯೋಟಾದ ಮೂರು ಲೀಟರಿನ 2ಜೆಝಡ್ ಎಂಜಿನ್ನಲ್ಲೂ ಇಂಥದೇ ಸಾಕ್ಷಿಯಿದೆ. ಟರ್ಬೊ ಇರುವ ಜಿಟಿಇ ಮಾದರಿಗೆ ಜೆಟ್ಟುಗಳಿವೆ. ಟರ್ಬೊ ಇಲ್ಲದ ಅದರ ಒಡಹುಟ್ಟು ಜಿಇಗೆ ಇಲ್ಲ.

ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಸುತ್ತಿನ ಬೀದಿಗಳಲ್ಲಿ ಜೆಟ್ ಬೇಕೋ ಬೇಡವೋ ಎಂಬ ಪ್ರಶ್ನೆ ಕೈಗೇ ಸಿಗುತ್ತದೆ. ಶೆಡ್ಡಿನೊಳಗೆ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ಕೂತ ಬ್ಲಾಕು. ಸ್ಕೋಡಾ ಆಕ್ಟೇವಿಯಾದ ಟರ್ಬೊ ಎಂಜಿನ್ನು. ಟ್ರೇಯಲ್ಲಿ ಸಾಲಾಗಿ ಪಿಸ್ಟನ್ನುಗಳು. ಮೇಸ್ತ್ರಿ ಒಂದೊಂದನ್ನೂ ಮಗುಚಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಾನೆ. ಅಡಿಭಾಗದ ಬಣ್ಣ ಓದುತ್ತಾನೆ: ತಿಳಿ ಕಂದಾದರೆ ಸರಿ, ಆಯಿಲು ಸುಟ್ಟು ಕಪ್ಪು ಹಕ್ಕಳೆ ಕಟ್ಟಿದ್ದರೆ ಆ ಸಿಲಿಂಡರು ಬೆಂದಿದೆ ಎಂದರ್ಥ. ಪಕ್ಕದಲ್ಲಿ ನಿಂತ ಮಾಲೀಕ ಹುಡುಗ ಜೆಟ್ಟನ್ನು ಬೆರಳಿನಿಂದ ಮುಟ್ಟಿ ಕೇಳುತ್ತಾನೆ: “ಅಣ್ಣಾ, ಇದನ್ನ ತೆಗ್ದು ಪ್ಲಗ್ ಹಾಕ್ಬಿಟ್ರೆ ಆಯಿಲ್ ಪ್ರೆಷರ್ ಜಾಸ್ತಿ ಸಿಗಲ್ವಾ?”

“ಸಿಗತ್ತೆ. ನೀನು ಒಂದ್ಸಲಕ್ಕೆ ಎಷ್ಟು ಹೊತ್ತು ಒತ್ತಿ ಓಡಿಸ್ತೀಯ, ಅದು ಹೇಳು ಮೊದ್ಲು.”

ನನ್ನ ಮಟ್ಟಿಗೆ ಇಡೀ ವಾದ ಈ ಮರುಪ್ರಶ್ನೆಯಲ್ಲಿದೆ. ಅಶ್ವಶಕ್ತಿ ಎಷ್ಟೆಂದು ಕೇಳಿ ಜೆಟ್ ಬೇಕೋ ಬೇಡವೋ ಹೇಳಲಾಗದು. ಬಿಸಿ ಲೋಹದಲ್ಲಿ ಸೇರಿಕೊಳ್ಳಲು ಹೊತ್ತು ಬೇಕು.

ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಟಾಪ್ ಫ್ಯೂಯೆಲ್ ಡ್ರ್ಯಾಗ್‌ ಕಾರುಗಳು ಓಡುವುದು 305 ಮೀಟರ್, ನಾಲ್ಕು ಸೆಕೆಂಡಿಗೂ ಕಡಿಮೆ. ಆ ಎಂಜಿನ್ನಿನ ಶಕ್ತಿ ಹತ್ತು ಸಾವಿರ ಅಶ್ವಶಕ್ತಿಯ ಆಚೆಗಿದೆ. ಸೈಲೆನ್ಸರ್ ಇಲ್ಲದ ಕೊಳವೆಗಳಿಂದ ಬೆಂಕಿ ಆಳೆತ್ತರ ಏಳುತ್ತದೆ, ನೆಲ ಅದುರುತ್ತದೆ, ನೈಟ್ರೋಮಿಥೇನಿನ ಘಾಟಿಗೆ ಕಣ್ಣು ಉರಿಯುತ್ತದೆ. ಹಾಗಿದ್ದೂ ಆ ಬ್ಲಾಕಿನಲ್ಲಿ ನೀರು ಹರಿಯುವ ದಾರಿಯೇ ಇಲ್ಲ. ಹೊಳೆಯಂತೆ ನುಗ್ಗುವ ಇಂಧನ ಆವಿಯಾಗುತ್ತಲೇ ಒಳಗಿನದನ್ನು ತಣಿಸುತ್ತದೆ. ಓಟ ಮುಗಿದೊಡನೆ ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಾರೆ. ನಾಲ್ಕು ಸೆಕೆಂಡು ಬದುಕಿದರೆ ಸಾಕಾದ ಪಿಸ್ಟನ್ನಿಗೆ ಎಣ್ಣೆಯ ಧಾರೆಯ ಹಂಗಿಲ್ಲ. ಕಾಲು ಮೈಲಿಗೆಂದೇ ಕಾರು ಕಟ್ಟುವವರು ಜೆಟ್ ಮುಚ್ಚಿದರೆ ಅದು ತಪ್ಪಲ್ಲ.

ಇನ್ನು ನಮ್ಮ ಶಿರಾಡಿ ಘಾಟಿ. ಮಂಗಳೂರಿನಿಂದ ಗ್ಯಾಸ್ ತುಂಬಿಕೊಂಡ ಟ್ಯಾಂಕರುಗಳು ಗುಂಡ್ಯ ದಾಟಿ ಮಾರನಹಳ್ಳಿಯ ಕಡೆ ಏರುವಾಗ ನಡೆಯುವವನ ವೇಗಕ್ಕೆ ಇಳಿದಿರುತ್ತವೆ. ಎದುರುಗಾಳಿ ಇಲ್ಲ, ಸಣ್ಣ ಗೇರು, ಪೂರ್ತಿ ಭಾರ. ಹೊಗೆಗೂ ಜಿಟಿಮಳೆಗೂ ನಡುವೆ ಟರ್ಬೊ ಸಿಳ್ಳೆ ಹಾಕುತ್ತಲೇ ಇರುತ್ತದೆ. ಆ ಲಾರಿಯ ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಜೆಟ್ ಬಹುಕಾಲದಿಂದ ದಿನಬಳಕೆಯ ಭಾಗ. ಎಷ್ಟೋ ಪಿಸ್ಟನ್ನುಗಳ ತಲೆಯೊಳಗೇ ಉಂಗುರದಂಥ ಟೊಳ್ಳು ದಾರಿಯಿರುತ್ತದೆ. ಎರಕ ಹೊಯ್ಯುವಾಗ ಉಪ್ಪಿನ ಅಚ್ಚು ಇಟ್ಟು, ಆಮೇಲೆ ನೀರಿನಲ್ಲಿ ಕರಗಿಸಿ ತೊಳೆದು ಅದನ್ನು ಮಾಡುತ್ತಾರೆ. ಜೆಟ್ಟಿನ ಧಾರೆ ಆ ಉಂಗುರದ ಬಾಯಿಗೇ ಗುರಿ. ರೇಸ್ ಕಾರಿನ ಹೆಮ್ಮೆಯೆಂದು ನಾವು ಎಣಿಸುವ ವಸ್ತು ಟ್ಯಾಂಕರಿನ ಹೊಟ್ಟೆಯಲ್ಲಿ ಸದ್ದಿಲ್ಲದೆ ದುಡಿಯುತ್ತಿದೆ.

ಧಾರೆ ಬಿಟ್ಟಿ ಬರುವುದಿಲ್ಲ. ಒಂದೊಂದು ಜೆಟ್ಟೂ ನಿಮಿಷಕ್ಕೆ ಎರಡು ಲೀಟರಿನ ಆಸುಪಾಸು ಆಯಿಲು ಬೇಡುತ್ತದೆ; ಪಂಪು ಚಿಕ್ಕದಾದರೆ ಬೇರಿಂಗು ಹಸಿಯುತ್ತದೆ. ಅದಕ್ಕೇ ಹಲವು ಜೆಟ್ಟುಗಳಲ್ಲಿ ಸ್ಪ್ರಿಂಗು-ಗುಂಡಿನ ಕವಾಟವಿದ್ದು, ಒತ್ತಡ ಒಂದು ಮಟ್ಟಕ್ಕೆ ಏರಿದ ಮೇಲಷ್ಟೇ ತೆರೆಯುತ್ತದೆ. ಪಿಸ್ಟನ್ ಬಿಟ್ಟುಕೊಟ್ಟ ಬಿಸಿ ಎಣ್ಣೆಗೆ ಸೇರುವುದರಿಂದ ಕೂಲರು ದೊಡ್ಡದಿರಬೇಕು. ಮುಂಜಾನೆಯ ಚಳಿಯಲ್ಲಿ ತಣ್ಣನೆಯ ಪಿಸ್ಟನ್ನನ್ನು ಇನ್ನಷ್ಟು ತಣಿಸಿದರೆ ಪೆಟ್ರೋಲು ಸರಿಯಾಗಿ ಉರಿಯದೆ ಹೊಗೆ ಕೆಡುತ್ತದೆ. ಆಕ್ಟೇವಿಯಾದಂಥ ಕಾರುಗಳಿಗೆ ಬಂದ ಮೂರನೆಯ ತಲೆಮಾರಿನ ಇಎ888 ಎಂಜಿನ್ನುಗಳಲ್ಲಿ ಜೆಟ್ಟಿನ ಸಾಲನ್ನು ವಿದ್ಯುತ್ ಕವಾಟದಿಂದ ಬೇಕೆಂದಾಗ ಮುಚ್ಚಿ ತೆರೆಯುವಂತೆ ಮಾಡಿರುವುದು ಅದಕ್ಕಾಗಿಯೇ.

ಕಲಾಸಿಪಾಳ್ಯದ ಶೆಡ್ಡಿನ ಆ ಹುಡುಗ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಸುತ್ತುವವನು. ಮೇಸ್ತ್ರಿ ಜೆಟ್ಟುಗಳನ್ನು ತೆಗೆಯುವುದಿಲ್ಲ. ಸಾಣೆ ಹಿಡಿದ ತಂತಿಯೊಂದನ್ನು ಒಂದೊಂದರ ಮೂತಿಗೂ ತೂರಿಸಿ, ಗುರಿ ಎಲ್ಲಿ ಬೀಳುತ್ತದೆಂದು ಬೋರಿನೊಳಗೆ ಬಗ್ಗಿ ನೋಡುತ್ತಾನೆ. ಹಿಂದೆ ಯಾರೋ ಕನೆಕ್ಟಿಂಗ್ ರಾಡ್ ಇಳಿಸುವಾಗ ತಾಗಿಸಿದ್ದಿರಬೇಕು, ಮೂರನೆಯದರ ಮೂತಿ ಕೊಂಚ ಸೊಟ್ಟಗಾಗಿದೆ. ಧಾರೆ ಪಿಸ್ಟನ್ನಿಗೆ ತಪ್ಪಿ ಗೋಡೆಗೆ ಹೊಡೆಯುತ್ತಿತ್ತು. ಟ್ರೇಯಲ್ಲಿ ಕಪ್ಪಾಗಿದ್ದದ್ದೂ ಮೂರನೆಯ ಪಿಸ್ಟನ್ನೇ. ಬಗ್ಗಿದ್ದನ್ನು ನೆಟ್ಟಗೆ ಮಾಡುವ ಗೋಜಿಗೆ ಅವನು ಹೋಗುವುದಿಲ್ಲ. ಹೊಸ ಜೆಟ್ಟಿಗೆ ಆರ್ಡರ್ ಬರೆದು ಹುಡುಗನ ಕೈಗೆ ಚೀಟಿ ಕೊಡುತ್ತಾನೆ, ಜೊತೆಗೆ ದೊಡ್ಡ ಆಯಿಲ್ ಕೂಲರನ್ನೂ ಸೇರಿಸಿ.